ಬಿಟ್‌ಕಾಯಿನ್ ಫಂಡ್‌ನ ಷೇರಿಗೆ ಬೆಲೆ ಕಟ್ಟುವುದು ಹೇಗೆ?

ಅಮೆರಿಕದಲ್ಲಿ ಬರಲಿರುವ ಬಿಟ್‌ಕಾಯಿನ್ ಫಂಡ್ ಒಂದರ ಷೇರು 25 ಡಾಲರಿಗೆ ಸಿಗುತ್ತದಂತೆ, ಅಗ್ಗವಲ್ಲವೇ ಎಂದು ಕೇಳಿದ್ದೀರಿ. ಆ ಅಂಕಿಯೊಂದನ್ನೇ ನೋಡಿ ಅಗ್ಗವೋ ತುಟ್ಟಿಯೋ ಹೇಳಲು ಬರುವುದಿಲ್ಲ ಸರ್.

ಇಂಥ ಫಂಡ್ ಬಿಟ್‌ಕಾಯಿನ್ ಕೊಂಡಿಟ್ಟುಕೊಂಡು ಅದರ ಪಾಲನ್ನು ಷೇರುಗಳಾಗಿ ಮಾರುತ್ತದೆ. ಫಂಡ್ ಬಳಿ 1,000 ಬಿಟ್‌ಕಾಯಿನ್ ಇದೆ, ಒಂದರ ದರ 50,000 ಡಾಲರ್ ಎಂದಿಟ್ಟುಕೊಳ್ಳಿ. ಒಟ್ಟು 5 ಕೋಟಿ ಡಾಲರ್. ಅದನ್ನು 20 ಲಕ್ಷ ಷೇರುಗಳಿಗೆ ಹಂಚಿದರೆ ತಲಾ 25. ಷೇರುಗಳು 40 ಲಕ್ಷವಾಗಿದ್ದರೆ ಹನ್ನೆರಡೂವರೆ, ಅಷ್ಟೇ. ನೀವು ನೋಡಬೇಕಾದದ್ದು ಒಂದು ಷೇರಿನ ಪಾಲಿಗೆ ಎಷ್ಟು ಬಿಟ್‌ಕಾಯಿನ್ ಬರುತ್ತದೆ ಎಂಬುದನ್ನು, 20 ಲಕ್ಷ ಷೇರುಗಳ ಲೆಕ್ಕದಲ್ಲಿ 0.0005. ಈ ಪಾಲೂ ಸವೆಯುತ್ತದೆ. ಬಿಟ್‌ಕಾಯಿನ್‌ಗೆ ಬಡ್ಡಿಯಿಲ್ಲ, ಲಾಭಾಂಶವಿಲ್ಲ. ನಿರ್ವಹಣಾ ಶುಲ್ಕವನ್ನು ಇರುವ ನಾಣ್ಯ ಮಾರಿಯೇ ತೆರಬೇಕು. ಶುಲ್ಕ ವರ್ಷಕ್ಕೆ ಶೇ 1 ಆದರೆ 1,000 ನಾಣ್ಯ ವರ್ಷದ ಕೊನೆಗೆ ಸುಮಾರು 990.

ಇನ್ನು ಆ 50,000 ಎಂಬ ದರವನ್ನು ಹೇಳುವವರು ಯಾರು? ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಬಿಟ್‌ಕಾಯಿನ್ ಪೇಟೆ ಹಗಲು ರಾತ್ರಿ ತೆರೆದೇ ಇರುತ್ತದೆ, ಅದನ್ನು ಕೊಂಡು ಮಾರುವ ವಿನಿಮಯ ಕೇಂದ್ರಗಳಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ದರ ಬೇರೆ. 2013ರಲ್ಲಿ ಇಂಥ ಫಂಡ್‌ಗೆ ಅರ್ಜಿ ಹಾಕಿದ ಅಮೆರಿಕದ ಉದ್ಯಮಿಗಳಾದ ವಿಂಕಲ್‌ವಾಸ್ ಸಹೋದರರು, ಮುಂದೆ ತಮ್ಮದೇ ಜೆಮಿನಿ ಕೇಂದ್ರದ ಸಂಜೆ 4ರ ಹರಾಜಿನ ದರವನ್ನು ಆಧಾರವಾಗಿ ಇಟ್ಟುಕೊಂಡರು. ಮಾಲೂ ಅವರದೇ, ತಕ್ಕಡಿಯೂ ಅವರದೇ ಆದಂತಾಯಿತು ಎಂಬುದು ನನ್ನ ಆಕ್ಷೇಪ. 2017ರ ಮಾರ್ಚ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ ಆ ಪ್ರಸ್ತಾವವನ್ನು ತಿರಸ್ಕರಿಸಿತು. ಅದು ಕೊಟ್ಟ ಕಾರಣ ಬೇರೆ: ದೊಡ್ಡ ಬಿಟ್‌ಕಾಯಿನ್ ಪೇಟೆಗಳಿಗೆ ನಿಯಂತ್ರಣವಿಲ್ಲ, ವಂಚನೆಯ ಮೇಲೆ ಕಣ್ಣಿಡಲು ಬೇಕಾದ ಒಪ್ಪಂದಗಳಿಲ್ಲ.

2024ರ ಜನವರಿಯಲ್ಲಿ ಒಪ್ಪಿಗೆ ಪಡೆದ ಬ್ಲ್ಯಾಕ್‌ರಾಕ್ ಫಂಡ್‌ನ ಕ್ರಮ ಮೇಲು. ನ್ಯೂಯಾರ್ಕ್ ಸಮಯ ಮಧ್ಯಾಹ್ನ 3ರಿಂದ 4ರವರೆಗೆ ಹಲವು ಕೇಂದ್ರಗಳಲ್ಲಿ ನಡೆದ ವಹಿವಾಟನ್ನು ಐದೈದು ನಿಮಿಷದ 12 ಭಾಗ ಮಾಡುತ್ತಾರೆ. ಪ್ರತಿ ಭಾಗಕ್ಕೂ ವಹಿವಾಟಿನ ಗಾತ್ರಕ್ಕೆ ತಕ್ಕ ತೂಕ ಕೊಟ್ಟು ಮಧ್ಯಾಂಕ (ದರಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ದರ) ತೆಗೆದು, ಆ 12ರ ಸರಾಸರಿ ಹಿಡಿಯುತ್ತಾರೆ. ಕೊನೆಯ ಎರಡು ನಿಮಿಷದಲ್ಲಿ ಯಾರೋ ದರವನ್ನು ಎಳೆದಾಡಿದರೂ ಫಲ ಅಲ್ಪ.

ಇಷ್ಟಾದರೂ ಪೇಟೆಯಲ್ಲಿ ಷೇರು ಈ ಮೌಲ್ಯಕ್ಕೇ ಸಿಗಬೇಕೆಂದಿಲ್ಲ. ದೊಡ್ಡ ವರ್ತಕರು ಷೇರನ್ನು ಫಂಡ್‌ಗೆ ಹಿಂದಿರುಗಿಸಿ ಪಾಲು ಪಡೆಯುವಂತಿದ್ದರೆ ಅಂತರ ತಾನಾಗಿ ಮುಚ್ಚುತ್ತದೆ. ಗ್ರೇಸ್ಕೇಲ್ ಟ್ರಸ್ಟ್ ಎಂಬ ಇಂಥದೇ ಬಿಟ್‌ಕಾಯಿನ್ ಫಂಡ್‌ನಲ್ಲಿ ಆಗ ಆ ದಾರಿ ಇರಲಿಲ್ಲ. 2022ರ ಡಿಸೆಂಬರ್‌ನಲ್ಲಿ ಅದರ ಷೇರು ತನ್ನ ಪಾಲಿನ ಬಿಟ್‌ಕಾಯಿನ್ ಮೌಲ್ಯದ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ನೀವು ಹೇಳಿದ ಫಂಡ್‌ನ ಪ್ರಾಸ್ಪೆಕ್ಟಸ್‌ನಲ್ಲಿ (ಫಂಡ್‌ನ ವಿವರ, ನಿಯಮಗಳ ಪತ್ರ) ದರದ ಆಧಾರ ಮತ್ತು ಷೇರು ಹಿಂದಿರುಗಿಸುವ ನಿಯಮದ ಪುಟಗಳನ್ನು ಇಲ್ಲಿ ಹಾಕಿ, ಕೂಡಿ ಓದೋಣ. ಅಲ್ಲಿಯವರೆಗೆ ದಯವಿಟ್ಟು ಹಣ ಕಟ್ಟಬೇಡಿ.