ಮಗಳ ಎದುರುತ್ತರ, ಅಪ್ಪನ ಲ್ಯಾಟಿನ್ ಪಾಠ

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಹುಡುಗಿಯ ಅಪ್ಪ ಅಮ್ಮ ಒಪ್ಪಿದ್ದಾರೆ, ಅವಳೂ ಒಪ್ಪಿದ್ದಾಳೆ.

ಜುಲೈ ತಿಂಗಳು, ಜೋರು ಮಳೆ. ತೀರ್ಥಹಳ್ಳಿ ಕಡೆಯ ಕ್ರೈಸ್ತ ಕುಟುಂಬವೊಂದು ಶಿವಮೊಗ್ಗಕ್ಕೆ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂತು. ಅಡಿಕೆ ತೋಟದವರು. ಮಗಳಿಗೆ ಹದಿನೈದು, ಮಗನಿಗೆ ಹನ್ನೆರಡು. ಮೂರು ವರ್ಷದಿಂದ ಇಬ್ಬರಿಗೂ ಮನೆಯಲ್ಲೇ ಪಾಠ. ಕೂತ ತಕ್ಷಣ ಅಪ್ಪ ಹೇಳಿದ್ದು: "ಮೇಡಂ, ಇವಳು ಎಲ್ಲದಕ್ಕೂ ಎದುರು ಮಾತಾಡ್ತಾಳೆ. ಒಂದು ತಿಂಗಳಿಂದ ಅದೂ ಇಲ್ಲ, ಬಾಯೇ ಬಿಡಲ್ಲ. ನೀವೇ ಒಂದು ಮಾತು ಹೇಳಿ."

ಮೊದಲು ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡೆ. ಸೋಮವಾರ ಬಂದರೆ ತಲೆನೋವು, ರಾತ್ರಿ ನಿದ್ದೆ ತಡ, ಊಟ ಕಡಿಮೆ. ಸಾಯೋ ಯೋಚನೆ ಬಂದಿದೆಯಾ ಅಂತ ನೇರವಾಗೇ ಕೇಳಿದೆ. ಇಂಥ ಪ್ರಶ್ನೆ ಕೇಳಿದರೆ ಮಕ್ಕಳ ತಲೆಗೆ ನಾವೇ ಅದನ್ನು ತುಂಬಿದಂತೆ ಅಂತ ಬಹಳ ಜನ ಹೆದರುತ್ತಾರೆ, ಹಾಗೇನಿಲ್ಲ. "ಇಲ್ಲ ಆಂಟಿ, ನಂಗೆ ಕಾಲೇಜಿಗೆ ಹೋಗಬೇಕು ಅಷ್ಟೇ" ಅಂದಳು. ಜೊತೆಗೆ ಓದಿದವರೆಲ್ಲ ಮುಂದಿನ ವರ್ಷ ಪಿಯುಸಿ. ಇವಳ ಕೈಯಲ್ಲಿ ಇರೋದು ಏಳನೇ ಕ್ಲಾಸಿನ ಟಿಸಿ. ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲ, ಭಾನುವಾರದ ಆರಾಧನೆ ಬಿಟ್ಟರೆ ವಾರವಿಡೀ ಅವಳ ವಯಸ್ಸಿನವರು ಯಾರೂ ಸಿಗಲ್ಲ.

ಅಪ್ಪ ಆರಿಸಿಕೊಂಡಿದ್ದು ಕ್ಲಾಸಿಕಲ್ ಪದ್ಧತಿ. ಹಳೇ ಯುರೋಪಿನ ಶಿಕ್ಷಣದ ಮೂರು ಮೆಟ್ಟಿಲು ಇದರ ಬುನಾದಿ: ವ್ಯಾಕರಣ, ತರ್ಕ, ಮಾತುಗಾರಿಕೆ. ಅದರ ಜೊತೆ ಲ್ಯಾಟಿನ್, ಗ್ರೀಕ್ ರೋಮನ್ ಚರಿತ್ರೆ, ಎಲ್ಲದರ ನಡುವೆ ಬೈಬಲ್. ಪುಸ್ತಕಗಳು ಅಮೆರಿಕದಿಂದ ಬಂದವು. ಪಾಠ ಮಾಡೋದು ಮಾತ್ರ ಅಮ್ಮ. ಅಪ್ಪ ಕೊಳೆ ರೋಗಕ್ಕೆ ಔಷಧಿ ಹೊಡೆಸುತ್ತಾ ತೋಟದಲ್ಲಿದ್ದರೆ, ಈಕೆ ಅಡುಗೆ, ಕೊಟ್ಟಿಗೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಕೂತು ಮರುದಿನದ ಲ್ಯಾಟಿನ್ ಕಲಿಯುತ್ತಿದ್ದರಂತೆ. ಇದನ್ನು ಅಮ್ಮ ಹೇಳಿದ್ದು ಎರಡನೇ ಸಲ ಬಂದಾಗ, ಅದೂ ನಗುತ್ತಾ. ನನಗೆ ನಗು ಬರಲಿಲ್ಲ.

ಪದ್ಧತಿಯನ್ನು ನಾನು ತೆಗೆದುಹಾಕಲಿಲ್ಲ. ಹುಡುಗಿ ಓದುವ ರೀತಿ ಚೆನ್ನಾಗಿದೆ, ವಾಕ್ಯ ಬಿಡಿಸಿ ನೋಡುತ್ತಾಳೆ. ಆದರೆ ಅಪ್ಪನಿಗೆ ಒಂದು ವಿಷಯ ನೆನಪಿಸಬೇಕಿತ್ತು. ಈ ಪದ್ಧತಿಯವರು ಬಹಳ ಗೌರವಿಸುವ ಡೊರೊಥಿ ಸೇಯರ್ಸ್, ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ ಇಂಗ್ಲಿಷ್ ಲೇಖಕಿ, 1947ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಒಂದು ಪ್ರಬಂಧ ಓದಿದರು. ಅದರಲ್ಲಿ ಮಕ್ಕಳ ಬೆಳವಣಿಗೆಗೆ ಮೂರು ಹಂತ ಹೇಳುತ್ತಾರೆ. ಮೊದಲನೆಯದು ಗಿಳಿಪಾಠದ ವಯಸ್ಸು. ಎರಡನೆಯದು ಎದುರುತ್ತರದ ವಯಸ್ಸು: ದೊಡ್ಡವರ ತಪ್ಪು ಹಿಡಿಯೋದು, ಮಾತಿಗೆ ಮಾತು ಕೊಡೋದು, ಮನೆಯವರಿಗೆ ತಲೆನೋವಾಗೋದು. ತರ್ಕ ಕಲಿಸಬೇಕಾದ್ದು ಆಗಲೇ. ಮೂರನೆಯದು ತನ್ನದೇ ಮಾತು ಹುಡುಕುವ ವಯಸ್ಸು. ಇದನ್ನು ಹೇಳಿ, "ಸರ್, ಮೂರು ವರ್ಷ ತರ್ಕ ಕಲಿಸಿದ್ದೀರಿ. ಅದು ಕೆಲಸ ಮಾಡಿದೆ. ಈಗ ತರ್ಕ ಮಾಡಬೇಡ ಅಂದರೆ ಹೇಗೆ?" ಅಂದೆ. ಅವರು ತುಂಬಾ ಹೊತ್ತು ಸುಮ್ನೆ ಕೂತಿದ್ದರು.

ಕಾನೂನಿನ ಮಾತೂ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. ಶಾಲೆಗೆ ಸೇರಿಸೋದು ಹೆತ್ತವರ ಕರ್ತವ್ಯ ಅಂತ ಅದರಲ್ಲಿದೆ, ಮನೆಪಾಠದ ಬಗ್ಗೆ ಪ್ರತ್ಯೇಕವಾಗಿ ಏನೂ ಇಲ್ಲ. ಮಗಳು ಆ ವಯಸ್ಸು ದಾಟಿದ್ದಾಳೆ, ಮಗ ದಾಟಿಲ್ಲ. ಅವನ ವಿಷಯವನ್ನು ವಕೀಲರ ಹತ್ತಿರ ಕೇಳಿ ಅಂದೆ, ಅದು ನನ್ನ ಕೆಲಸ ಅಲ್ಲ.

ಮಗಳಿಗೆ ಮಾತ್ರ ತಡಮಾಡುವ ಹಾಗಿರಲಿಲ್ಲ. ಎನ್‌ಐಒಎಸ್‌ನಲ್ಲಿ, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆಯಲ್ಲಿ, ಹದಿನಾಲ್ಕು ತುಂಬಿದವರು ಹತ್ತನೇ ತರಗತಿಗೆ ನೋಂದಣಿ ಮಾಡಿಸಬಹುದು. ಪಾಸಾಗೋಕೆ ಐದು ವಿಷಯ ಬೇಕು. ನೋಂದಣಿ ಐದು ವರ್ಷ ಇರುತ್ತದೆ, ಒಂಬತ್ತು ಅವಕಾಶ ಸಿಗುತ್ತವೆ, ಪಾಸಾದ ವಿಷಯ ಪಾಸಾದ ಹಾಗೇ ಉಳಿಯುತ್ತದೆ. ಕನ್ನಡವನ್ನೂ ತೆಗೆದುಕೋ ಅಂದೆ, ಯಾಕಂದರೆ 'ಅಮೊ, ಅಮಾಸ್, ಅಮಾಟ್' ಅಂತ ಲ್ಯಾಟಿನ್ ಕ್ರಿಯಾಪದ ತಡವರಿಸದೆ ಹೇಳುವ ಹುಡುಗಿ ಕನ್ನಡದಲ್ಲಿ ಒಂದು ಪುಟ ಬರೆಯೋಕೆ ಒದ್ದಾಡಿದಳು. ಪಿಯುಸಿಯಲ್ಲಿ ಸೈನ್ಸ್ ಬೇಕಿದ್ದರೆ ಗಣಿತ, ವಿಜ್ಞಾನ ಎರಡನ್ನೂ ತೆಗೆದುಕೊಳ್ಳಬೇಕು. ಸೇರುವ ಕಾಲೇಜಿನಲ್ಲಿ ಯಾವ ಕಾಗದ ಕೇಳುತ್ತಾರೆ ಅಂತ ಈಗಲೇ ವಿಚಾರಿಸಿ, ಮೇ ತಿಂಗಳಲ್ಲಿ ಓಡಾಡಬೇಡಿ ಅಂದೆ. ಅಮ್ಮನಿಗೆ ಹೇಳಿದ್ದು ಒಂದೇ: ಲ್ಯಾಟಿನ್ ವಾರಕ್ಕೆ ಎರಡು ದಿನ ಸಾಕು, ಆ ಪಾಠ ಅಪ್ಪನೇ ಮಾಡಲಿ.

ಜನರ ಜೊತೆ ಬೆರೆಯೋ ವಿಷಯಕ್ಕೆ ಬಂದಾಗ ಸ್ವಲ್ಪ ಜಗಳವೇ ಆಯಿತು. ಪಕ್ಕದ ಮನೆಯಲ್ಲಿ ಹೆಂಗಸರು ಮಕ್ಕಳು ಸೇರಿ ತಾಳಮದ್ದಲೆ ಅಭ್ಯಾಸ ಮಾಡುತ್ತಾರೆ, ಇವಳಿಗೆ ಹೋಗೋ ಆಸೆ. ನನಗೂ ಸರಿ ಅನ್ನಿಸಿತು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟಬೇಕು, ಎದುರಿನವರ ಮಾತಿನ ಎಳೆ ಹಿಡಿದು ಉತ್ತರ ಕೊಡಬೇಕು. ವಾಲಿ ವಧೆಯಲ್ಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದು ಯಾವ ನ್ಯಾಯ ಅಂತ ವಾಲಿ ರಾಮನನ್ನು ಕೇಳುವಾಗಿನ ವಾದ ಕೇಳಿ. ಅಮೆರಿಕದಿಂದ ಪುಸ್ತಕ ತರಿಸಿ ಕಲಿಸುವ ಮಾತುಗಾರಿಕೆ ಇವರ ಬೇಲಿಯಾಚೆಗೇ ಇತ್ತು. ಅಪ್ಪ ಒಪ್ಪಲಿಲ್ಲ, "ಅದು ಪುರಾಣ, ನಮ್ಮ ನಂಬಿಕೆ ಬೇರೆ" ಅಂದರು.

ನಾನು ಬಾಯಿ ತೆರೆಯೋ ಮುಂಚೆ ಮಗಳೇ ಮಾತಾಡಿದಳು. "ಪಪ್ಪಾ, ಗ್ರೀಕ್ ದೇವರು ಜೀಯಸ್, ಅಥೀನಾ ಕಥೆ ಓದಿಸಿದ್ರಲ್ಲ, ಅದೂ ನಮ್ಮ ನಂಬಿಕೆ ಅಲ್ವಲ್ಲಾ? ಬೈಬಲಲ್ಲಿ ಇಸ್ರಾಯೇಲ್ಯರು ಐಗುಪ್ತದವರ, ಅಂದ್ರೆ ಈಜಿಪ್ಟಿನವರ, ಬಂಗಾರ ತಗೊಂಡು ಬಂದ ಹಾಗೆ ಬೇರೆಯವರ ವಿದ್ಯೆಯಲ್ಲಿ ಒಳ್ಳೇದಿದ್ರೆ ತಗೋಬಹುದು ಅಂತ ಹಳೇ ಕಾಲದ ಕ್ರೈಸ್ತ ಪಂಡಿತರು ಅಗಸ್ಟೀನ್ ಹೇಳಿದ್ದಾರೆ ಅಂತ ನೀವೇ ಅಲ್ವಾ ಪಾಠ ಮಾಡ್ಸಿದ್ದು?" ಒಂದು ತಿಂಗಳಲ್ಲಿ ಅವಳು ಅಪ್ಪನ ಜೊತೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಪ್ಪ ನನ್ನ ಕಡೆ ನೋಡಿದರು, ಆಮೇಲೆ ಕಿಟಕಿ ಕಡೆ. "ಒಂದ್ಸಲ ನಾನೂ ಬಂದು ಕೂತು ನೋಡ್ತೀನಿ" ಅಂದರು. ಅಷ್ಟು ಹೇಳಿದ್ದೇ ದೊಡ್ಡದು, ನಾನು ಒತ್ತಾಯ ಮಾಡಲಿಲ್ಲ.

ಅಕ್ಟೋಬರ್‌ನಲ್ಲಿ ಮತ್ತೆ ಬಂದರು. ಏಪ್ರಿಲ್ ಪರೀಕ್ಷೆಗೆ ನೋಂದಣಿ ಆಗಿದೆ. ತಲೆನೋವು ಪೂರ್ತಿ ಹೋಗಿಲ್ಲ, ಆದರೆ ಸೋಮವಾರ ಅಂತೇನಿಲ್ಲ, ಗಣಿತದ ದಿನ ಬರುತ್ತದಂತೆ. ತಾಳಮದ್ದಲೆಗೆ ಅಪ್ಪನೇ ಕರೆದುಕೊಂಡು ಹೋಗುತ್ತಾರೆ, ಒಳಗೆ ಮಾತ್ರ ಹೋಗಲ್ಲ, ಹೊರಗೆ ಜಗಲಿಯಲ್ಲಿ ಕೂತು ಕೇಳುತ್ತಾರೆ. ಲ್ಯಾಟಿನ್ ಪಾಠವೂ ಈಗ ಅವರದೇ, ತಪ್ಪು ಮಾಡಿದರೆ ಮಗಳು ತಿದ್ದುತ್ತಾಳೆ.

ತಮ್ಮನ ವಿಷಯ ಇನ್ನೂ ಬಾಕಿ ಇದೆ. ಅಡಿಕೆ ಕೊಯ್ಲು ಮುಗಿಸಿ ಬರ್ತೀವಿ ಅಂದಿದ್ದಾರೆ.