ಬೂಷ್ಟಿಗೆ ಬೆಲ್ಲ ಯಾಕೆ ಬೇಡ?

ಪ್ರಶ್ನೆ: ಹಿತ್ತಲಲ್ಲಿ ಅಡಿಕೆ ಸಿಪ್ಪೆ ರಾಶಿ ಹಾಕಿದ್ದೇವೆ. ಮಳೆ ಬಿದ್ದ ಮೇಲೆ ಒಳಗೆಲ್ಲ ಬಿಳಿ ಬೂಷ್ಟು ಕಟ್ಟಿದೆ. ಅಷ್ಟು ಗಟ್ಟಿ ನಾರನ್ನು ಅದು ಹೇಗೆ ಕರಗಿಸುತ್ತದೆ? ಬೇಗ ಗೊಬ್ಬರವಾಗಲಿ ಅಂತ ಬೆಲ್ಲದ ನೀರು ಹೊಯ್ಯಬಹುದಾ?
– ಓದುಗರು, ತೀರ್ಥಹಳ್ಳಿ

ಉತ್ತರ: ನಾವು ಉಂಡ ಮೇಲೆ ಅರಗಿಸುತ್ತೇವೆ. ಬೂಷ್ಟು ಮೊದಲು ಅರಗಿಸಿ ಆಮೇಲೆ ಉಣ್ಣುತ್ತದೆ. ನೀವು ನೋಡಿದ ಆ ಬಿಳಿ ಎಳೆಗಳ ತುದಿಯಿಂದ ಕಿಣ್ವಗಳು ಹೊರಗೆ ಜಿನುಗುತ್ತವೆ. ಸಿಪ್ಪೆ ಅಲ್ಲೇ ಕರಗುತ್ತದೆ, ಬಂದ ಸಕ್ಕರೆಯನ್ನು ಎಳೆ ಹೀರಿಕೊಳ್ಳುತ್ತದೆ.

ನಾರಿನಲ್ಲಿ ಮುಖ್ಯವಾಗಿ ಇರುವುದು ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಮತ್ತೆ ನಾರಿಗೆ ಗಟ್ಟಿತನ ಕೊಡುವ ಲಿಗ್ನಿನ್. ಸೆಲ್ಯುಲೋಸ್ ಅಂದರೆ ಗ್ಲೂಕೋಸ್ ಮಣಿಗಳ ಉದ್ದ ಸರ. ಒಂದು ಕಿಣ್ವ ಸರದ ನಡುವೆ ಕತ್ತರಿ ಹಾಕುತ್ತದೆ. ಇನ್ನೊಂದು ತುದಿಯಿಂದ ಎರಡೆರಡು ಮಣಿ ಕಳಚುತ್ತಾ ಬರುತ್ತದೆ. ಮೂರನೆಯದು ಆ ಜೋಡಿಯನ್ನು ಬಿಡಿಸುತ್ತದೆ. ಲಿಗ್ನಿನ್ ಮಾತ್ರ ಎಲ್ಲ ಬೂಷ್ಟಿಗೂ ಬಗ್ಗುವುದಿಲ್ಲ. ಸೌದೆ ಕೊಟ್ಟಿಗೆಯಲ್ಲಿ ಹಳೇ ಕುಂಟೆ ಇದ್ದರೆ ನೋಡಿ. ಬೆಳ್ಳಗೆ, ನಾರುನಾರಾಗಿ ಕೊಳೆತಿದ್ದರೆ ಲಿಗ್ನಿನ್ ತಿನ್ನುವ ಅಣಬೆ ಹೊಕ್ಕಿದೆ. ಕಂದು ಬಣ್ಣಕ್ಕೆ ತಿರುಗಿ ಚೌಕ ಚೌಕವಾಗಿ ಬಿರಿದಿದ್ದರೆ, ಸೆಲ್ಯುಲೋಸ್ ತಿಂದು ಲಿಗ್ನಿನ್ ಬಿಟ್ಟುಹೋಗುವ ಜಾತಿ.

ಇನ್ನು ಬೆಲ್ಲ. ಕಿಣ್ವ ಮಾಡುವುದು ಖರ್ಚಿನ ಕೆಲಸ, ಬೂಷ್ಟು ಮಹಾ ಜಿಪುಣ. ಮೊದಲು ಚೂರೇ ಚೂರು ಬಿಟ್ಟು ನೋಡುತ್ತದೆ. ಸೆಲ್ಯುಲೋಸಿನ ತುಣುಕು ವಾಪಸ್ ಬಂದರೆ, ಓ ಇಲ್ಲಿ ಊಟ ಇದೆ ಅಂತ ಜಾಸ್ತಿ ಮಾಡುತ್ತದೆ. ಸುಮ್ನೆ ಕೂತಲ್ಲೇ ಸಿಹಿ ಸಿಕ್ಕರೆ ನಾರಿನ ಗೊಡವೆಗೆ ಯಾಕೆ ಹೋಗುತ್ತದೆ, ಅಲ್ವಾ? ಬೆಲ್ಲ ಖಾಲಿಯಾಗುವವರೆಗೆ ಸೆಲ್ಯುಲೇಸ್, ಅಂದರೆ ಸೆಲ್ಯುಲೋಸ್ ಕತ್ತರಿಸುವ ಆ ಕಿಣ್ವಗಳ ತಯಾರಿಕೆ ತಗ್ಗಿಯೇ ಇರುತ್ತದೆ. ಹಾಗಾಗಿ ಕೊಡಗಟ್ಟಲೆ ಹೊಯ್ಯಬೇಡಿ.

ನೀವು ತೋಟಕ್ಕೆ ಹಾಕುವ ಟ್ರೈಕೋಡರ್ಮಾ ಅನ್ನುವ ಬೂಷ್ಟು ಇದೆಯಲ್ಲ, ಅದರ ದಾಯಾದಿಯೊಂದು ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೈನ್ಯದ ಹತ್ತಿ ಡೇರೆಗಳನ್ನೇ ತಿಂದಿತ್ತು! ಇವತ್ತು ಕಾರ್ಖಾನೆಗಳು ಸೆಲ್ಯುಲೇಸ್ ತೆಗೆಯುವುದು ಹೆಚ್ಚಾಗಿ ಅದೇ ಜಾತಿಯಿಂದ. ಜೀನ್ಸ್ ಬಟ್ಟೆ ಮಾಸಲು ಮಾಡುವುದಕ್ಕೂ ಸೆಲ್ಯುಲೇಸ್ ಬಳಸುತ್ತಾರೆ.

ಬೆಲ್ಲದ ಬದಲು ಸಗಣಿ ಬಗ್ಗಡ ಹಾಕಿ. ಕಿಣ್ವ ಅಂದರೆ ಪ್ರೋಟೀನ್, ಅದಕ್ಕೆ ಸಾರಜನಕ ಬೇಕು. ಸಿಪ್ಪೆಯಲ್ಲಿ ಅದು ಕಮ್ಮಿ. ಲಿಗ್ನಿನ್ ಒಡೆಯಲು ಗಾಳಿಯೂ ಬೇಕು, ಆಗಾಗ ರಾಶಿ ಮಗುಚಿ. ನಮ್ಮ ಕಡೆ ಮಳೆಗೆ ರಾಶಿ ನೆನೆದು ಗಾಳಿ ಕಟ್ಟಿಹೋಗುತ್ತದೆ, ಮೇಲೆ ಸೋಗೆ ಹೊದಿಸಿ. ಒಂದು ಹಿಡಿ ಸಿಪ್ಪೆ ತೆಗೆದು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ಇಳಿಯಬಾರದು.