‘ನಾನೇನು ಕೂಸಲ್ಲ’ ಅಂದ ಅಜ್ಜಿ

ಬಿಎಸ್ಸಿ ನರ್ಸಿಂಗ್ ಓದುತ್ತಿರುವ ಹುಡುಗಿ. ಊರು ಸೋಮವಾರಪೇಟೆ ಕಡೆ, ಮಡಿಕೇರಿಯಲ್ಲಿ ಹಾಸ್ಟೆಲ್. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. "ವಯಸ್ಸಾದವರನ್ನ ನೋಡಿಕೊಳ್ಳೋದು ನನ್ನ ಕೈಲಾಗಲ್ಲ ಮೇಡಂ, ಕೋರ್ಸೇ ಬಿಡ್ತೀನಿ" ಅನ್ನುತ್ತಲೇ ಸಲಹೆ ಕೇಳಲು ನನ್ನ ಕೋಣೆಯೊಳಗೆ ಬಂದಳು.

ಇಂಥ ಮಾತು ಕೇಳಿದ ಕೂಡಲೇ ಈಗಿನ ಮಕ್ಕಳಿಗೆ ಹಿರಿಯರೆಂದರೆ ಅಸಡ್ಡೆ ಅಂದುಬಿಡುತ್ತೇವೆ. ಇವಳು ಅಜ್ಜಿಯ ಜೊತೆಗೇ ಬೆಳೆದವಳು. ಹಿರಿಯರ ಬಗೆಗಿನ ಮನೋಭಾವ ಅಳೆಯಲು ಮನಶ್ಶಾಸ್ತ್ರಜ್ಞ ಕೋಗನ್ 1961ರಲ್ಲಿ ಮಾಡಿದ, 34 ಹೇಳಿಕೆಗಳ ಪಟ್ಟಿಯೊಂದಿದೆ. ನರ್ಸಿಂಗ್ ವಿದ್ಯಾರ್ಥಿಗಳ ಮೇಲೆ ಅದನ್ನು ಇವತ್ತಿಗೂ ಬಳಸುತ್ತಾರೆ. ಅವಳಿಗೂ ಕೊಟ್ಟೆ. ಉತ್ತರಗಳ ತುಂಬಾ ಪ್ರೀತಿಯೇ ಇತ್ತು. ಹಾಗಾದರೆ ಆಗಿದ್ದೇನು?

ಸೊಂಟದ ಮೂಳೆ ಮುರಿದು ಮಲಗಿದ್ದ, ಎಂಬತ್ತು ದಾಟಿದ ಅಜ್ಜಿಯೊಬ್ಬರಿಗೆ ಸಾರನ್ನ ತಿನ್ನಿಸುವಾಗ "ಬಾಯಿ ತೆಗಿ ಪುಟ್ಟಾ, ಜಾಣೆ ಅಲ್ವಾ ನೀನು" ಅಂದಿದ್ದಾಳೆ. ಅವರು ಚಮಚ ತಳ್ಳಿ, "ನಾನೇನು ಕೂಸಲ್ಲ, ನಲವತ್ತು ವರ್ಷ ಕಾಫಿ ತೋಟ ನಡೆಸಿದವಳು" ಅಂದರಂತೆ. ಪಕ್ಕದ ಬೆಡ್ಡಿನವರು ನಕ್ಕರು. ಬಿಳಿ ಕೋಟಿನ ತೋಳಿನ ಮೇಲೆ ಉಳಿದಿದ್ದ ಅರಿಶಿನದ ಕಲೆಯನ್ನು ಉಗುರಿನಿಂದ ಕೆರೆಯುತ್ತಲೇ ಇದನ್ನೆಲ್ಲ ಹೇಳಿದಳು.

ನಾನು ಹೇಳಿದ್ದು ಇಷ್ಟು. ನಿನಗೆ ಪ್ರೀತಿ ಕಡಿಮೆ ಇಲ್ಲ, ಆದರೆ ಮಗುವಿಗೆ ತೋರಿಸುವ ಪ್ರೀತಿಯನ್ನೇ ಅವರಿಗೂ ತೋರಿಸಿದೆ, ಅದು ಅವರಿಗೆ ಅವಮಾನವಾಯಿತು. ಹೋಗಿ ಕ್ಷಮೆ ಕೇಳು. ಏನಂತ ಕರೆಯಲಿ ಅಂತ ಅವರನ್ನೇ ಕೇಳು. ನಿಂತು ಮಾತಾಡಬೇಡ, ಮುಖ ಕಾಣುವ ಹಾಗೆ ಕೂತುಕೋ. ವಯಸ್ಸಾದಂತೆ ಮೊದಲು ಕುಗ್ಗುವುದು ಕೀಚಲು ದನಿ ಕೇಳುವ ಶಕ್ತಿ, ಹಾಗಾಗಿ ಕಿರುಚಿದರೆ ಪ್ರಯೋಜನ ಇಲ್ಲ, ಕೀಚಲಾಗದ ದಪ್ಪ ದನಿಯಲ್ಲಿ ನಿಧಾನವಾಗಿ ಹೇಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೀಯಲ್ಲ, ಆಗ ಸುಮ್ನೆ ಹಿಡಿದು ತಿರುಗಿಸಬೇಡ, "ಈಗ ಎಡಕ್ಕೆ ತಿರುಗೋಣವಾ" ಅಂತ ಕೇಳಿ ಒಂದು ಕ್ಷಣ ಕಾಯಿ. ಜೊತೆಗೆ ಕಾಯಿಲೆಗೆ ಸಂಬಂಧವೇ ಇಲ್ಲದ ಒಂದೇ ಒಂದು ಪ್ರಶ್ನೆ ಕೇಳು.

ಕೆಲಸದ ಹೊರೆಯೂ ಜಾಸ್ತಿ ಇತ್ತು. ಅದನ್ನು ಟೀಚರ್ ಹತ್ತಿರ ಬಾಯಿಬಿಟ್ಟು ಹೇಳು ಅಂದೆ.

ಮೂರು ವಾರ ಬಿಟ್ಟು ಬಂದಳು. ಕೋರ್ಸ್ ಬಿಟ್ಟಿಲ್ಲ. ಮುಂದೆ ಮಕ್ಕಳ ವಾರ್ಡೇ ಬೇಕು ಅನ್ನುತ್ತಾಳೆ, ಅದರಲ್ಲಿ ತಪ್ಪೇನೂ ಇಲ್ಲ. ಅಜ್ಜಿಯ ಹತ್ತಿರ ಅವಳು ಕೇಳಿದ್ದು ಹೂಮಳೆಯ ಬಗ್ಗೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆಯ ಬಗ್ಗೆ. ಅವರು ತಮ್ಮ ತೋಟದ ಕಥೆಯೆಲ್ಲ ಹೇಳಿ, "ನಿಮ್ಮ ಕಡೆ ಈ ಸಲ ಎಷ್ಟು ಇಂಚು ಬಿತ್ತು?" ಅಂದರಂತೆ. ಇವಳಿಗೆ ಗೊತ್ತಿರಲಿಲ್ಲ. ಡ್ಯೂಟಿ ಮುಗಿಸಿ ಅಪ್ಪನಿಗೆ ಫೋನ್ ಮಾಡಿ ತಿಳಿದುಕೊಂಡು, ಮತ್ತೆ ವಾರ್ಡಿಗೆ ಹೋಗಿ ಹೇಳಿ ಬಂದಿದ್ದಾಳೆ.